ಮಗಳು ಕಂಪ್ಯೂಟರ್ ವಿಜ್ಞಾನಕ್ಕೆ ಸೇರಿದ್ದಾಳೆಯೇ? ಮೊದಲ ವರ್ಷ ಅವಳ ಜೊತೆಗಿರಿ

ಪಿಯುಸಿ ಫಲಿತಾಂಶ ಬಂದ ಮರುದಿನದಿಂದಲೇ ನಮ್ಮ ಮನೆಗಳಲ್ಲಿ ‘ಮುಂದೇನು?’ ಎಂಬ ಚರ್ಚೆ ಆರಂಭವಾಗುತ್ತದೆ. ಹಿಂದೆ ಹೆಣ್ಣುಮಕ್ಕಳ ವಿಷಯದಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಈಗ ಹಾಗಲ್ಲ. ಬಿಸಿಎ, ಬಿಎಸ್ಸಿ ಕಂಪ್ಯೂಟರ್ ಸೈನ್ಸ್, ಇಂಜಿನಿಯರಿಂಗ್ ತರಗತಿಗಳಲ್ಲಿ ಸ್ಕಾರ್ಫ್ ಧರಿಸಿದ ನಮ್ಮ ಹೆಣ್ಣುಮಕ್ಕಳೂ ಕಾಣಸಿಗುತ್ತಾರೆ. ಕುಟುಂಬದಲ್ಲಿ ಮೊತ್ತಮೊದಲಿಗೆ ಕಾಲೇಜು ಮೆಟ್ಟಿಲೇರಿದವಳೂ ಅವರಲ್ಲಿದ್ದಾಳೆ.

ಇದು ಸಂತೋಷದ ವಿಷಯ. ಆದರೆ ಸೇರಿದ ಎರಡು ಮೂರು ತಿಂಗಳಲ್ಲೇ ಕೆಲವು ಮನೆಗಳಲ್ಲಿ ಈ ಸಂತೋಷ ಕರಗತೊಡಗುತ್ತದೆ. ಎಸೆಸೆಲ್ಸಿಯಲ್ಲೂ ಪಿಯುಸಿಯಲ್ಲೂ ಒಳ್ಳೆಯ ಅಂಕ ಪಡೆದಿದ್ದ ಹುಡುಗಿ ಮಂಕಾಗುತ್ತಾಳೆ. “ಉಮ್ಮಾ, ತಲೆಗೆ ಏನೂ ಹತ್ತುವುದಿಲ್ಲ. ಉಳಿದವರಿಗೆಲ್ಲ ಬರುತ್ತದೆ, ನನಗೆ ಮಾತ್ರ ಬರುವುದಿಲ್ಲ” ಎನ್ನುತ್ತಾಳೆ. ಮೊದಲ ಸೆಮಿಸ್ಟರ್‌ನಲ್ಲಿ ಪ್ರೋಗ್ರಾಮಿಂಗ್ ಪೇಪರ್ ಉಳಿದುಬಿಡುತ್ತದೆ. “ಹೇಗೂ ಅವಳಿಂದ ಆಗುವುದಿಲ್ಲವಂತೆ, ಮದುವೆ ಮಾಡಿಬಿಡೋಣ” ಎಂದು ಮನೆಯ ಹಿರಿಯರು ತೀರ್ಮಾನಿಸುತ್ತಾರೆ. ಒಂದು ಪೇಪರ್‌ನಲ್ಲಿ ಹೋದ ಅಂಕಕ್ಕಾಗಿ ಒಂದು ಬದುಕಿನ ದಾರಿಯನ್ನೇ ಮುಚ್ಚಿಬಿಡುತ್ತೇವೆ.

ಸಹೋದರಿಯರೇ, ಈ ತೀರ್ಮಾನಕ್ಕೆ ಬರುವ ಮುನ್ನ ಮೊದಲ ವರ್ಷ ಅಲ್ಲಿ ಕಲಿಸುವುದೇನು, ಅದು ಎಲ್ಲರಿಗೂ ಯಾಕೆ ಕಷ್ಟವೆನಿಸುತ್ತದೆ ಎಂಬುದನ್ನು ನೀವು ತಿಳಿದುಕೊಳ್ಳಬೇಕು. ಮದ್ರಸದಲ್ಲಿ ಕಲಿತು, ಬಿ.ಎ. ಮಾಡಿ, ಪಾಠ ಹೇಳುವುದನ್ನೇ ಕಸುಬಾಗಿಸಿಕೊಂಡಿರುವ ನಾನು ಕಂಪ್ಯೂಟರ್ ಪಂಡಿತರ ಸಾಲಿಗೆ ಸೇರುವುದಿಲ್ಲ. ಆದರೆ ಈ ವಿದ್ಯೆಯ ಮೊದಲ ಪಾಠಗಳನ್ನು ಗಮನಿಸಿದವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇದನ್ನು ತಾಯಂದಿರಿಗೆ ಅರ್ಥವಾಗುವಂತೆ ಹೇಳಬಹುದು ಮಾತ್ರವಲ್ಲ, ತಾಯಂದಿರು ಇದರಲ್ಲಿ ಮಗಳಿಗೆ ನೆರವಾಗಲೂಬಹುದು.

ಅಡುಗೆ ವಿಧಾನ ಮತ್ತು ಅಲ್ಗಾರಿದಂ

ಕಂಪ್ಯೂಟರ್ ಕಲಿಯುವುದೆಂದರೆ ಟೈಪಿಂಗ್, ಪತ್ರ ತಯಾರಿಸುವುದು, ಇಂಟರ್‌ನೆಟ್ ನೋಡುವುದು ಎಂದು ಹಲವರು ತಿಳಿದಿದ್ದಾರೆ. ಪೇಟೆಯ ಕಂಪ್ಯೂಟರ್ ಸೆಂಟರ್‌ಗಳಲ್ಲಿ ಮೂರು ತಿಂಗಳಲ್ಲಿ ಕಲಿಸುವುದು ಅದನ್ನೇ. ಪದವಿ ತರಗತಿಯ ಕಂಪ್ಯೂಟರ್ ವಿಜ್ಞಾನ ಬೇರೆಯದು. ಒಂದು ಸಮಸ್ಯೆಯನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಬಿಡಿಸಿ, ಏನನ್ನೂ ಊಹಿಸಿಕೊಳ್ಳಲಾರದ ಯಂತ್ರವೊಂದಕ್ಕೆ ಕ್ರಮವಾಗಿ ಹೇಳಿಕೊಡುವ ವಿದ್ಯೆ ಅದು. ಹೀಗೆ ಹೆಜ್ಜೆ ಹೆಜ್ಜೆಯಾಗಿ ಜೋಡಿಸಿದ ವಿಧಾನಕ್ಕೆ ಅಲ್ಗಾರಿದಂ ಎನ್ನುತ್ತಾರೆ. ಅದನ್ನು ಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿ ಬರೆದರೆ ಅದೇ ಪ್ರೋಗ್ರಾಂ.

ಈ ಪತ್ರಿಕೆಯ ಅಡುಗೆ ಪುಟವನ್ನೇ ನೋಡಿ. “ಎಣ್ಣೆ ಕಾದ ಮೇಲೆ ಸಾಸಿವೆ ಹಾಕಿ” ಎಂದಿರುತ್ತದೆ. ಅದೊಂದು ಷರತ್ತು. “ಈರುಳ್ಳಿ ಕೆಂಪಗಾಗುವವರೆಗೆ ಹುರಿಯುತ್ತಿರಿ” ಎಂಬುದು ಒಂದು ಆವರ್ತನೆ, ಅಂದರೆ ಗುರಿ ಮುಟ್ಟುವ ತನಕ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು. ಮೊದಲು ಎಣ್ಣೆ, ನಂತರ ಸಾಸಿವೆ, ಆಮೇಲೆ ಈರುಳ್ಳಿ ಎಂಬುದು ಅನುಕ್ರಮ. ಅನುಕ್ರಮ, ಷರತ್ತು, ಆವರ್ತನೆ - ಮೊದಲ ಸೆಮಿಸ್ಟರ್‌ನ ಪ್ರೋಗ್ರಾಮಿಂಗ್‌ನ ಬೆನ್ನೆಲುಬೇ ಈ ಮೂರು.

ಇಷ್ಟೇ ಆದರೆ ಕಷ್ಟವೆಲ್ಲಿ? ಅಡುಗೆ ಪುಟದಲ್ಲಿ “ರುಚಿಗೆ ತಕ್ಕಷ್ಟು ಉಪ್ಪು” ಎಂದು ಬರೆದರೆ ನಿಮಗೆ ಸಾಕು. ಯಂತ್ರಕ್ಕೆ ಸಾಲದು. ಅದಕ್ಕೆ ರುಚಿಯಿಲ್ಲ, ಅಂದಾಜಿಲ್ಲ, ಹಿಂದಿನ ಅನುಭವವಿಲ್ಲ. ಎಷ್ಟು ಗ್ರಾಂ, ಯಾವಾಗ, ಎಷ್ಟು ಸಲ ಎಂದು ಹೇಳಲೇಬೇಕು. ಹದಿನೆಂಟು ವರ್ಷ ಮನುಷ್ಯರೊಂದಿಗೆ ಮಾತಾಡಿ ಬೆಳೆದ ಹುಡುಗಿಗೆ ಇಂತಹ ಯಂತ್ರದೊಂದಿಗೆ ವ್ಯವಹರಿಸಲು ಕಲಿಯುವುದಕ್ಕೆ ಸಮಯ ಬೇಕು. ಇದು ದಡ್ಡತನವಲ್ಲ.

ಬಗ್ದಾದ್‌ನಿಂದ ಬಂದ ಪದ

ಅಲ್ಗಾರಿದಂ ಎಂಬ ಪದ ಎಲ್ಲಿಂದ ಬಂತೆಂದು ಗೊತ್ತೇ? ಒಂಬತ್ತನೇ ಶತಮಾನದಲ್ಲಿ ಖಲೀಫಾ ಮಾಮೂನ್‌ರ ಕಾಲದಲ್ಲಿ ಬಗ್ದಾದ್‌ನ ‘ಬೈತುಲ್ ಹಿಕ್ಮ’ದಲ್ಲಿ ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಝ್ಮಿ ಎಂಬ ವಿದ್ವಾಂಸರಿದ್ದರು. ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ವಿಧಾನವನ್ನು ವಿವರಿಸಿ ಅವರು ಒಂದು ಗ್ರಂಥ ಬರೆದರು. ಹನ್ನೆರಡನೇ ಶತಮಾನದಲ್ಲಿ ಅದು ಲ್ಯಾಟಿನ್ ಭಾಷೆಗೆ ಅನುವಾದವಾಯಿತು. ಲ್ಯಾಟಿನ್‌ನಲ್ಲಿ ಅವರ ಹೆಸರು ‘ಅಲ್ಗೋರಿಟ್ಮಿ’ ಎಂದಾಯಿತು. ಮುಂದೆ ಅದೇ ಹೆಸರು ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಮಾಡುವ ಕ್ರಮಕ್ಕೆ ಅಂಟಿಕೊಂಡಿತು.

ಅವರ ಇನ್ನೊಂದು ಪ್ರಸಿದ್ಧ ಗ್ರಂಥದ ಹೆಸರಿನಲ್ಲಿರುವ ‘ಅಲ್ ಜಬ್ರ್’ ಎಂಬ ಪದದಿಂದಲೇ ಇಂಗ್ಲಿಷಿನ ‘ಆಲ್‌ಜೀಬ್ರಾ’ ಹುಟ್ಟಿತು. ಆ ಗ್ರಂಥದ ಒಂದು ದೊಡ್ಡ ಭಾಗ ವಾರೀಸು ಮತ್ತು ವಸಿಯ್ಯತ್‌ನ ಲೆಕ್ಕಗಳಿಗೇ ಮೀಸಲಾಗಿದೆ. ತೀರಿಕೊಂಡವರ ಆಸ್ತಿಯಲ್ಲಿ ಯಾರಿಗೆಷ್ಟು ಪಾಲು ಎಂಬ, ಮನೆಮನೆಯಲ್ಲೂ ಏಳುವ ಪ್ರಶ್ನೆಯನ್ನು ಕ್ರಮಬದ್ಧವಾಗಿ ಬಿಡಿಸುವುದು ಅವರ ಉದ್ದೇಶಗಳಲ್ಲೊಂದಾಗಿತ್ತು. ಇದು ಬರೀ ಹೆಮ್ಮೆಪಟ್ಟು ಮರೆತುಬಿಡುವ ವಿಷಯವಲ್ಲ. ಆ ಲೆಕ್ಕವನ್ನೇ ಹಿಡಿದು ಮೊದಲ ವರ್ಷದ ಪ್ರೋಗ್ರಾಮಿಂಗನ್ನು ಅರ್ಥಮಾಡಿಕೊಳ್ಳೋಣ.

ಒಂದು ವಾರೀಸು ಲೆಕ್ಕ

ಒಬ್ಬ ವ್ಯಕ್ತಿ ತೀರಿಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಅವರ ತಂದೆ-ತಾಯಿ ಬದುಕಿಲ್ಲ. ಪತ್ನಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ದಫನದ ವೆಚ್ಚ ಕಳೆದು, ಸಾಲ ತೀರಿಸಿ, ವಸಿಯ್ಯತ್ ಇದ್ದರೆ ಮೂರನೇ ಒಂದು ಭಾಗದ ಮಿತಿಯೊಳಗೆ ಅದನ್ನೂ ಪೂರೈಸಿದ ಮೇಲೆ 8,00,000 ರೂಪಾಯಿ ಉಳಿದಿದೆ. ಈ ಕ್ರಮವನ್ನು ಗಮನಿಸಿ. ಸಾಲ ತೀರಿಸುವ ಮೊದಲೇ ಪಾಲು ಹಂಚಿದರೆ ಲೆಕ್ಕವೇ ಕೆಡುತ್ತದೆ. ಇದು ಅನುಕ್ರಮ.

ಪತ್ನಿಗೆಷ್ಟು? ಮಕ್ಕಳಿದ್ದರೆ ಎಂಟನೇ ಒಂದು, ಇಲ್ಲದಿದ್ದರೆ ನಾಲ್ಕನೇ ಒಂದು. ಈ ‘ಇದ್ದರೆ - ಇಲ್ಲದಿದ್ದರೆ’ ಎಂಬುದನ್ನೇ ಪ್ರೋಗ್ರಾಂನಲ್ಲಿ ‘ಇಫ್ - ಎಲ್ಸ್’ ಎಂದು ಬರೆಯುತ್ತಾರೆ. ಇದು ಷರತ್ತು. ಇಲ್ಲಿ ಮಕ್ಕಳಿರುವುದರಿಂದ ಪತ್ನಿಗೆ 1,00,000 ರೂಪಾಯಿ. ಉಳಿದದ್ದು 7,00,000. ಮಗನಿಗೆ ಎರಡು ಭಾಗ, ಪ್ರತಿಯೊಬ್ಬ ಮಗಳಿಗೆ ಒಂದು ಭಾಗ. ಒಟ್ಟು ನಾಲ್ಕು ಭಾಗ. ಒಂದು ಭಾಗಕ್ಕೆ 1,75,000. ಹಾಗಾಗಿ ಮಗನಿಗೆ 3,50,000, ಹೆಣ್ಣುಮಕ್ಕಳಿಗೆ ತಲಾ 1,75,000. ಪ್ರತಿ ಮಗುವಿನ ಹೆಸರು ತೆಗೆದುಕೊಂಡು ಪಾಲು ಬರೆಯುತ್ತಾ ಹೋಗುವುದೇ ಆವರ್ತನೆ. ಮಕ್ಕಳು ಮೂವರಿದ್ದರೂ ಹನ್ನೊಂದು ಮಂದಿಯಿದ್ದರೂ ಪ್ರೋಗ್ರಾಂ ಅದೇ.

ಮದ್ರಸದ ಮೇಲ್ತರಗತಿಯ ವಿದ್ಯಾರ್ಥಿ ಈ ಲೆಕ್ಕವನ್ನು ಕಾಗದದ ಮೇಲೆ ಮಾಡುತ್ತಾನೆ. ನಿಮ್ಮ ಮಗಳು ಅದನ್ನೇ ಯಂತ್ರದಿಂದ ಮಾಡಿಸಲು ಕಲಿಯುತ್ತಾಳೆ. ಇಷ್ಟು ತಿಳಿದರೆ ಪ್ರೋಗ್ರಾಮಿಂಗ್‌ನ ಅರ್ಧ ಭಯ ಹೋದಂತೆ.

ವಿಧವೆಗೆ ಸೊನ್ನೆ!

ಇನ್ನರ್ಧ ಭಯ ತಪ್ಪುಗಳದ್ದು. ನಮ್ಮ ಹೆಚ್ಚಿನ ಕಾಲೇಜುಗಳಲ್ಲಿ ಮೊದಲು ಕಲಿಸುವುದು ‘ಸಿ’ ಎಂಬ ಭಾಷೆಯನ್ನು. ಕೆಲವೆಡೆ ‘ಪೈಥಾನ್’ ಕಲಿಸುತ್ತಾರೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಎಂಬವರು 1972ರ ಸುಮಾರಿಗೆ ರೂಪಿಸಿದ ಭಾಷೆ ಸಿ. ಐವತ್ತು ವರ್ಷ ದಾಟಿದರೂ ಅದು ಬಳಕೆಯಲ್ಲಿದೆ. ಇದರಲ್ಲಿ ವಾಕ್ಯದ ಕೊನೆಯ ಸೆಮಿಕೋಲನ್ ಎಂಬ ಸಣ್ಣ ಚಿಹ್ನೆ ಬಿಟ್ಟುಹೋದರೂ ಪ್ರೋಗ್ರಾಂ ಓಡುವುದಿಲ್ಲ. ಪರದೆಯ ಮೇಲೆ ‘ಎರರ್’ ಎಂಬ ಸಾಲುಗಳು ಸುರಿಯುತ್ತವೆ. ಒಂದು ಚಿಹ್ನೆ ಬಿಟ್ಟದ್ದಕ್ಕೆ ಹತ್ತು ತಪ್ಪುಗಳನ್ನು ತೋರಿಸುವುದೂ ಉಂಟು. ಹೊಸಬಳು ಕಂಗಾಲಾಗುತ್ತಾಳೆ.

ವಾಸ್ತವದಲ್ಲಿ ಇದು ಸುಲಭದ ತಪ್ಪು. ಕುರ್‌ಆನ್ ಓದಿಸುವಾಗ ಉಸ್ತಾದರು ಏನು ಮಾಡುತ್ತಾರೆ? ಮಗು ‘ಹಾ’ ಅಕ್ಷರವನ್ನು ತಪ್ಪಾಗಿ ಉಚ್ಚರಿಸಿದರೆ ಅಲ್ಲೇ ನಿಲ್ಲಿಸುತ್ತಾರೆ. ಸರಿಪಡಿಸಿಯೇ ಮುಂದೆ ಹೋಗಬೇಕು. ಹತ್ತು ಸಲ ನಿಲ್ಲಿಸಿದರು ಎಂದು ಯಾವ ತಾಯಿಯೂ ಮಗುವನ್ನು ಮದ್ರಸದಿಂದ ಬಿಡಿಸುವುದಿಲ್ಲ. ಕಲಿಕೆಯೇ ಹಾಗೆ ಎಂದು ಅವಳಿಗೆ ಗೊತ್ತು. ಯಂತ್ರದ ‘ಎರರ್’ ಕೂಡಾ ಹೀಗೆ ನಿಲ್ಲಿಸಿ ತಿದ್ದುವ ಮಾತು. ಮೊದಲ ಸಾಲಿನಲ್ಲಿ ತೋರಿಸಿದ ತಪ್ಪನ್ನು ಮೊದಲು ಸರಿಪಡಿಸಿದರೆ ಉಳಿದ ಹಲವು ತಾವಾಗಿಯೇ ಮಾಯವಾಗುತ್ತವೆ.

ನಿಜವಾಗಿ ಭಯಪಡಬೇಕಾದ ತಪ್ಪು ಬೇರೆಯಿದೆ. ಅದು ಸದ್ದು ಮಾಡುವುದಿಲ್ಲ. ಮೇಲಿನ ವಾರೀಸು ಲೆಕ್ಕವನ್ನೇ ತೆಗೆದುಕೊಳ್ಳಿ. ಪತ್ನಿಯ ಪಾಲನ್ನು ಕಂಡುಹಿಡಿಯಲು ಸಿ ಭಾಷೆಯಲ್ಲಿ 1/8 ಎಂದು ಬರೆದು ಅದನ್ನು ಒಟ್ಟು ಹಣದಿಂದ ಗುಣಿಸಿದಳು ಎಂದುಕೊಳ್ಳಿ. ಸಿ ಭಾಷೆಯಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಉತ್ತರವೂ ಪೂರ್ಣಾಂಕವೇ. ದಶಮಾಂಶವನ್ನು ಅದು ಕತ್ತರಿಸಿ ಎಸೆಯುತ್ತದೆ. ಒಂದನ್ನು ಎಂಟರಿಂದ ಭಾಗಿಸಿದರೆ ಅದರ ಪ್ರಕಾರ ಸೊನ್ನೆ! ಪತ್ನಿಯ ಪಾಲು ಸೊನ್ನೆ ರೂಪಾಯಿ. ಉಳಿದ 8,00,000ವನ್ನು ಅದು ಮಗನಿಗೆ 4,00,000, ಹೆಣ್ಣುಮಕ್ಕಳಿಗೆ ತಲಾ 2,00,000 ಎಂದು ಅಚ್ಚುಕಟ್ಟಾಗಿ ಹಂಚಿಬಿಡುತ್ತದೆ. ಯಾವ ಎರರ್ ಕೂಡಾ ಇಲ್ಲ. ಕೂಡಿಸಿ ನೋಡಿದರೆ ಮೊತ್ತ ಸರಿಯಾಗಿ 8,00,000. ಎಲ್ಲವೂ ಸರಿಯಿದ್ದಂತೆಯೇ ಕಾಣುತ್ತದೆ. ಆದರೆ ಒಬ್ಬ ವಿಧವೆ ಬರಿಗೈಯಲ್ಲಿ ನಿಂತಿದ್ದಾಳೆ!

1ರ ಬದಲು 1.0 ಎಂದು ಬರೆದರೆ ಸಾಕು, ಅವಳ 1,00,000 ಅವಳಿಗೆ ಸಿಗುತ್ತದೆ. ಒಂದು ಚುಕ್ಕೆ, ಒಂದು ಸೊನ್ನೆಯ ವ್ಯತ್ಯಾಸ.

ಈ ತಪ್ಪನ್ನು ಕಂಡುಹಿಡಿಯುವವರು ಯಾರು? ಯಂತ್ರವಲ್ಲ. ಕಾಗದದ ಮೇಲೆ ಮೊದಲೇ ಲೆಕ್ಕ ಮಾಡಿಟ್ಟುಕೊಂಡವರು. ‘ಪತ್ನಿಗೆ ಪಾಲಿಲ್ಲದಿರಲು ಸಾಧ್ಯವೇ ಇಲ್ಲ’ ಎಂದು ಬಲ್ಲವರು. ಬ್ಯಾಂಕಿನ ಬಡ್ಡಿ, ಆಸ್ಪತ್ರೆಯ ಔಷಧಿ ಪ್ರಮಾಣ, ಪಡಿತರ ಚೀಟಿಯ ಪಟ್ಟಿ ಎಲ್ಲವೂ ಇಂದು ಪ್ರೋಗ್ರಾಂಗಳ ಕೈಯಲ್ಲಿವೆ. ಅವುಗಳನ್ನು ಬರೆಯುವವರಲ್ಲಿ ಬಡವಳ, ವಿಧವೆಯ ಕಷ್ಟ ಬಲ್ಲ ಮನೆಯಿಂದ ಬಂದ ಹೆಣ್ಣುಮಕ್ಕಳೂ ಇರಬೇಡವೇ?

ಅಮೆರಿಕದ ಎರಡು ಕಾಲೇಜುಗಳು ಹೇಳುವ ಪಾಠ

‘ಉಳಿದವರಿಗೆಲ್ಲ ಬರುತ್ತದೆ, ನನಗೆ ಮಾತ್ರ ಬರುವುದಿಲ್ಲ’ ಎಂಬ ಮಾತು ನಮ್ಮ ಹುಡುಗಿಯರದ್ದು ಮಾತ್ರವಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕಾರ್ನೆಗಿ ಮೆಲನ್ ಎಂಬ ಹೆಸರಾಂತ ವಿಶ್ವವಿದ್ಯಾನಿಲಯವಿದೆ. 1995ರಲ್ಲಿ ಅಲ್ಲಿ ಕಂಪ್ಯೂಟರ್ ವಿಜ್ಞಾನಕ್ಕೆ ಸೇರಿದವರಲ್ಲಿ ಹುಡುಗಿಯರು ಬರೀ 7 ಶೇಕಡಾ. ಜೇನ್ ಮಾರ್ಗೊಲಿಸ್ ಮತ್ತು ಆ್ಯಲನ್ ಫಿಶರ್ ಎಂಬಿಬ್ಬರು ಇದಕ್ಕೆ ಕಾರಣ ಹುಡುಕಲು ವಿದ್ಯಾರ್ಥಿಗಳನ್ನು ವರ್ಷಗಳ ಕಾಲ ಮಾತಾಡಿಸಿದರು. ತಿಳಿದುಬಂದದ್ದೇನು? ಅನೇಕ ಹುಡುಗರು ಚಿಕ್ಕಂದಿನಿಂದಲೇ ಮನೆಯ ಕಂಪ್ಯೂಟರ್ ಬಿಚ್ಚಿ ಆಡಿ ಬಂದಿದ್ದರು. ಹುಡುಗಿಯರಿಗೆ ಆ ಅವಕಾಶ ಕಡಿಮೆ ಸಿಕ್ಕಿತ್ತು. ಪಕ್ಕದವನ ಹಳೆಯ ಅಭ್ಯಾಸವನ್ನು ಅವರು ಹುಟ್ಟು ಪ್ರತಿಭೆ ಎಂದು ತಪ್ಪು ತಿಳಿದರು. ‘ನಾನು ಇದಕ್ಕೆ ಲಾಯಕ್ಕಲ್ಲ’ ಎಂದು, ಒಳ್ಳೆಯ ಅಂಕ ಇದ್ದವರೂ ಬಿಟ್ಟು ಹೋಗುತ್ತಿದ್ದರು.

ವಿಶ್ವವಿದ್ಯಾನಿಲಯವು ಪ್ರವೇಶದಲ್ಲಿ ಹಿಂದಿನ ಪ್ರೋಗ್ರಾಮಿಂಗ್ ಅನುಭವಕ್ಕೆ ಕೊಡುತ್ತಿದ್ದ ಮಹತ್ವವನ್ನು ಕಡಿಮೆ ಮಾಡಿತು. ಹೊಸಬರಿಗೆ ತಕ್ಕ ಆರಂಭದ ತರಗತಿಗಳನ್ನು ಮಾಡಿತು. 2000ರ ಹೊತ್ತಿಗೆ ಹುಡುಗಿಯರ ಪ್ರಮಾಣ 42 ಶೇಕಡಾಕ್ಕೇರಿತು. ಐದು ವರ್ಷಗಳಲ್ಲಿ ಹುಡುಗಿಯರ ಮೆದುಳೇನೂ ಬದಲಾಗಿರಲಿಲ್ಲ, ಅವರನ್ನು ಬರಮಾಡಿಕೊಂಡ ರೀತಿ ಬದಲಾಗಿತ್ತು.

ಕ್ಯಾಲಿಫೋರ್ನಿಯಾದ ಹಾರ್ವಿ ಮಡ್ ಎಂಬ ಸಣ್ಣ ಕಾಲೇಜಿನದೂ ಇದೇ ಕಥೆ. 2006ರಲ್ಲಿ ಗಣಿತಜ್ಞೆ ಮರಿಯಾ ಕ್ಲಾವೆ ಅದರ ಅಧ್ಯಕ್ಷೆಯಾದ ಹೊತ್ತಿಗೆ ಅಲ್ಲಿನ ಕಂಪ್ಯೂಟರ್ ವಿಭಾಗದಲ್ಲಿ ಹುಡುಗಿಯರು ಸುಮಾರು 10 ಶೇಕಡಾ. ಅಲ್ಲಿನ ಅಧ್ಯಾಪಕರು ಮೊದಲ ಪಾಠವನ್ನೇ ಬದಲಿಸಿದರು. ಜಾವಾ ಭಾಷೆಯ ಬದಲು ಸರಳವಾದ ಪೈಥಾನ್ ತಂದರು. ಮೊದಲೇ ಬಲ್ಲವರನ್ನೂ ಏನೂ ತಿಳಿಯದವರನ್ನೂ ಬೇರೆ ಬೇರೆ ಗುಂಪು ಮಾಡಿ ಕಲಿಸಿದರು. ಬಲ್ಲವರು ತರಗತಿಯಲ್ಲಿ ಪಾಂಡಿತ್ಯ ಮೆರೆದು ಹೊಸಬರ ಧೈರ್ಯ ಕೆಡಿಸುವುದು ಇದರಿಂದ ನಿಂತಿತು. ಕೆಲವೇ ವರ್ಷಗಳಲ್ಲಿ ಹುಡುಗಿಯರ ಪ್ರಮಾಣ 40 ಶೇಕಡಾ ಮುಟ್ಟಿತು.

ನಮ್ಮಲ್ಲಿ ಪರಿಸ್ಥಿತಿ ಸ್ವಲ್ಪ ಬೇರೆ. ಭಾರತದ ಕಂಪ್ಯೂಟರ್ ತರಗತಿಗಳಲ್ಲಿ ಹೆಣ್ಣುಮಕ್ಕಳ ಪ್ರಮಾಣ ಅಮೆರಿಕಕ್ಕಿಂತ ಹೆಚ್ಚೇ ಇದೆ. ಆದರೆ ಅಭ್ಯಾಸದ ಅವಕಾಶದ ಪ್ರಶ್ನೆ ಇಲ್ಲೂ ಇದೆ. ಮನೆಯಲ್ಲಿ ಕಂಪ್ಯೂಟರ್ ಇದ್ದರೂ ಅದು ಅಣ್ಣನ ಕೋಣೆಯಲ್ಲಿರುತ್ತದೆ. ಅಣ್ಣ ರಾತ್ರಿ ಹನ್ನೊಂದರ ತನಕ ಅದರ ಮುಂದೆ ಕುಳಿತರೆ ‘ಓದುತ್ತಿದ್ದಾನೆ’ ಎನ್ನುತ್ತೇವೆ. ತಂಗಿ ಕುಳಿತರೆ ‘ಪಾತ್ರೆ ತೊಳೆದಾಯಿತೇ?’ ಎಂದು ಕೇಳುತ್ತೇವೆ.

ಇಂಗ್ಲಿಷ್ ಮತ್ತು ಗಣಿತದ ಭಯ

“ಕನ್ನಡ ಮಾಧ್ಯಮದಲ್ಲಿ ಓದಿದವಳು, ಇಂಗ್ಲಿಷ್ ಬರುವುದಿಲ್ಲ” ಎಂಬ ಚಿಂತೆ ಅನೇಕ ತಾಯಂದಿರಿಗಿದೆ. 1989ರಲ್ಲಿ ನಿಗದಿಯಾದ ಸಿ ಭಾಷೆಯಲ್ಲಿ ಮೀಸಲು ಪದಗಳಿರುವುದು ಬರೀ 32. ಇಷ್ಟನ್ನು ಕಲಿಯಲು ಒಂದು ವಾರ ಸಾಕು. ಪಠ್ಯಪುಸ್ತಕದ ಇಂಗ್ಲಿಷ್ ಆರಂಭದಲ್ಲಿ ಕಷ್ಟವೆನಿಸುವುದು ನಿಜ, ಆದರೆ ಅದೇ ಅದೇ ಪದಗಳು ಮರಳಿ ಬರುವುದರಿಂದ ಬೇಗನೆ ಪರಿಚಯವಾಗುತ್ತವೆ. ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯಲ್ಲಿ ಪ್ರೋಗ್ರಾಮಿಂಗ್‌ನ ಪಾಠಗಳು ಕನ್ನಡದ ಧ್ವನಿಯಲ್ಲೂ ಉಚಿತವಾಗಿ ಸಿಗುತ್ತವೆ.

ಯಂತ್ರಕ್ಕಂತೂ ಇಂಗ್ಲಿಷೂ ಒಂದೇ, ಕನ್ನಡವೂ ಒಂದೇ. ಅದರ ಒಳಗೆ ಇರುವುದು ಸೊನ್ನೆ ಮತ್ತು ಒಂದು ಮಾತ್ರ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟು ಇಡುತ್ತಾರೆ. ಇಂಗ್ಲಿಷಿನ ದೊಡ್ಡ ‘ಎ’ಗೆ 65. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡದ ‘ಅ’ಕಾರಕ್ಕೆ 3205, ಅರಬಿಯ ‘ಅಲಿಫ್’ಗೆ 1575. ಮೊಬೈಲ್‌ನಲ್ಲಿ ನೀವು ಕನ್ನಡದಲ್ಲಿ ಸಂದೇಶ ಕಳುಹಿಸಲು ಸಾಧ್ಯವಾದದ್ದು ಈ ವ್ಯವಸ್ಥೆಯಿಂದ. ಮೊದಲ ವರ್ಷದ ಪಾಠಗಳಲ್ಲಿ ಇದೂ ಬರುತ್ತದೆ.

ಇನ್ನು ಗಣಿತ. ಮೊದಲ ವರ್ಷದಲ್ಲಿ ಗಣಗಳು, ತರ್ಕ, ಎಣಿಕೆಯ ವಿಧಾನಗಳಂತಹ ವಿಷಯಗಳಿರುತ್ತವೆ. ಕ್ರಮವಾಗಿ ಯೋಚಿಸುವುದೇ ಇದರ ಮುಖ್ಯ ಅಂಶ. ಒಂದು ಉದಾಹರಣೆ ನೋಡಿ. ಅಕಾರಾದಿಯಾಗಿ ಹೆಸರುಗಳಿರುವ 1000 ಪುಟಗಳ ದಾಖಲೆ ಪುಸ್ತಕದಲ್ಲಿ ಒಂದು ಹೆಸರನ್ನು ಹುಡುಕಬೇಕು. ಮೊದಲ ಪುಟದಿಂದ ಮಗುಚುತ್ತಾ ಹೋದರೆ ಸಾವಿರ ಪುಟ ಮಗುಚಬೇಕಾದೀತು. ಅದರ ಬದಲು ಸರಿಯಾಗಿ ನಡುವೆ ತೆರೆಯಿರಿ. ಹೆಸರು ಮುಂದಿದೆಯೋ ಹಿಂದಿದೆಯೋ ನೋಡಿ ಅರ್ಧವನ್ನು ಕೈಬಿಡಿ. ಉಳಿದ 500ರಲ್ಲಿ ಮತ್ತೆ ಹಾಗೆಯೇ ಮಾಡಿ. ಹೀಗೆ 250, 125 ಎಂದು ಇಳಿಯುತ್ತಾ ಸುಮಾರು ಹತ್ತೇ ಹೆಜ್ಜೆಯಲ್ಲಿ ಹೆಸರಿರುವ ಪುಟ ಸಿಗುತ್ತದೆ. ಪುಟಗಳು ದುಪ್ಪಟ್ಟಾದರೂ ಹೆಚ್ಚುವುದು ಒಂದೇ ಹೆಜ್ಜೆ!

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ‘ಸಿಎಸ್50’ ಎಂಬ ಪ್ರಸಿದ್ಧ ಆರಂಭಿಕ ತರಗತಿಯಲ್ಲಿ ಪ್ರಾಧ್ಯಾಪಕ ಡೇವಿಡ್ ಮಲಾನ್ ಇದನ್ನೇ ದಪ್ಪ ಟೆಲಿಫೋನ್ ಪುಸ್ತಕವನ್ನು ಹರಿದು ತೋರಿಸುತ್ತಾರೆ. ಆ ತರಗತಿಗೆ ಬರುವ ಹೆಚ್ಚಿನವರು ಮೊದಲು ಕಂಪ್ಯೂಟರ್ ವಿಜ್ಞಾನ ಓದಿದವರೇ ಅಲ್ಲ. ಸಹಪಾಠಿಗಳಿಗಿಂತ ಎಷ್ಟು ಮುಂದಿದ್ದೀರಿ ಎಂದು ನೋಡಬೇಡಿ, ಆರಂಭದಲ್ಲಿ ಎಲ್ಲಿದ್ದಿರಿ, ಈಗ ಎಲ್ಲಿಗೆ ಬಂದಿರಿ ಎಂಬುದನ್ನು ನೋಡಿ ಎಂದು ಅಲ್ಲಿ ವಿದ್ಯಾರ್ಥಿಗಳಿಗೆ ಹೇಳಲಾಗುತ್ತದೆ. ಈ ಪಾಠಗಳೂ ಇಂಟರ್‌ನೆಟ್‌ನಲ್ಲಿ ಉಚಿತವಾಗಿವೆ. ನಮ್ಮ ದೇಶದ ಐಐಟಿಗಳ ಎನ್‌ಪಿಟಿಇಎಲ್‌ನಲ್ಲೂ ಸಿ ಮತ್ತು ಪೈಥಾನ್ ಪಾಠಗಳನ್ನು ಉಚಿತವಾಗಿ ನೋಡಬಹುದು. ಪ್ರಮಾಣಪತ್ರದ ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ.

ಬಿಸಿಎಗೆ ಪಿಯುಸಿಯಲ್ಲಿ ಗಣಿತ ಓದಿರಬೇಕೇ ಎಂಬ ಬಗ್ಗೆ ಎಲ್ಲೆಡೆ ಒಂದೇ ನಿಯಮವಿಲ್ಲ. ಸೇರುವ ಮುನ್ನ ಆಯಾ ಕಾಲೇಜಿನಲ್ಲೇ ವಿಚಾರಿಸಿ.

ತಾಯಿ ಮಾಡಬಹುದಾದದ್ದು

ಮೊದಲನೆಯದು, ಅಭ್ಯಾಸಕ್ಕೊಂದು ಯಂತ್ರ ಮತ್ತು ದಿನಕ್ಕೊಂದು ಗಂಟೆ. ಈಜನ್ನು ದಡದಲ್ಲಿ ಕುಳಿತು ಕಲಿಯಲಾಗದು. ಪ್ರೋಗ್ರಾಂ ಕೂಡಾ ಬರೆದೇ ಕಲಿಯಬೇಕು. ಕಾಲೇಜಿನ ಲ್ಯಾಬ್‌ನಲ್ಲಿ ವಾರಕ್ಕೆ ಸಿಗುವ ಕೆಲವು ಗಂಟೆಗಳು ಸಾಲುವುದಿಲ್ಲ. ದುಬಾರಿ ಲ್ಯಾಪ್‌ಟಾಪ್ ಬೇಕಿಲ್ಲ; ಮೊದಲ ವರ್ಷದ ಪಾಠಗಳಿಗೆ ಹಳೆಯ, ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಧಾರಾಳ ಸಾಕು. ಮದುವೆಗೆಂದು ಕೂಡಿಡುವ ಚಿನ್ನದಲ್ಲಿ ಒಂದು ಉಂಗುರ ಕಡಿಮೆಯಾದರೂ ಚಿಂತೆಯಿಲ್ಲ. ಅದೂ ಆಗದಿದ್ದರೆ ಕಾಲೇಜಿನ ಲ್ಯಾಬ್ ಬಿಡುವಿನ ವೇಳೆಯಲ್ಲಿ ತೆರೆದಿರುತ್ತದೆಯೇ ಎಂದು ಕೇಳಲು ಹೇಳಿ. ಆ ಒಂದು ಗಂಟೆ ಅವಳನ್ನು ಅಡುಗೆ ಮನೆಗೆ ಕರೆಯಬೇಡಿ.

ಎರಡನೆಯದು, ಮೊದಲ ಸೆಮಿಸ್ಟರ್‌ನ ಅಂಕದಿಂದ ಅವಳ ಭವಿಷ್ಯ ಅಳೆಯಬೇಡಿ. ಉಳಿದ ಪೇಪರನ್ನು ಮತ್ತೆ ಬರೆಯುವ ಅವಕಾಶವಿದೆ. ಪದವಿ ಮೂರು ನಾಲ್ಕು ವರ್ಷಗಳದ್ದು. ಮುಂದೆ ದತ್ತಾಂಶ ರಚನೆ, ಡೇಟಾಬೇಸ್, ಆಪರೇಟಿಂಗ್ ಸಿಸ್ಟಂ ಮುಂತಾದ ವಿಷಯಗಳು ಬರುತ್ತವೆ. ಅವೆಲ್ಲ ಈ ಮೊದಲ ಪಾಠದ ಮೇಲೆ ನಿಲ್ಲುವುದರಿಂದ ಅದು ಗಟ್ಟಿಯಾಗಲು ಆರು ತಿಂಗಳು ಹೆಚ್ಚು ಹಿಡಿದರೂ ನಷ್ಟವಿಲ್ಲ.

ಮೂರನೆಯದು, ಕೇಳಿಸಿಕೊಳ್ಳಿ. ಇದಕ್ಕೆ ನಿಮಗೆ ಕಂಪ್ಯೂಟರ್ ಗೊತ್ತಿರಬೇಕಿಲ್ಲ. ಪ್ರೋಗ್ರಾಮರ್‌ಗಳಲ್ಲಿ ಒಂದು ವಿಚಿತ್ರ ಅಭ್ಯಾಸವಿದೆ. ಅವರಲ್ಲಿ ಕೆಲವರು ಮೇಜಿನ ಮೇಲೆ ರಬ್ಬರಿನ ಬಾತುಕೋಳಿಯೊಂದನ್ನು ಇಟ್ಟುಕೊಳ್ಳುತ್ತಾರೆ. ತಪ್ಪು ಎಲ್ಲಿದೆಯೆಂದು ತಿಳಿಯದಿದ್ದಾಗ ತಮ್ಮ ಪ್ರೋಗ್ರಾಂನ ಒಂದೊಂದೇ ಸಾಲನ್ನು ಆ ಗೊಂಬೆಗೆ ವಿವರಿಸುತ್ತಾರೆ. ವಿವರಿಸುತ್ತಾ ಹೋದಂತೆ ತಪ್ಪು ತಮಗೇ ಹೊಳೆಯುತ್ತದೆ! ನಮ್ಮ ಮದ್ರಸಗಳಲ್ಲಿ ಇದಕ್ಕೆ ‘ತಕ್ರಾರ್’ ಎನ್ನುತ್ತಾರೆ. ಕನ್ನಡದ ತಕರಾರಲ್ಲ, ಕಲಿತ ಪಾಠವನ್ನು ಸಂಜೆ ಸಹಪಾಠಿಗೆ ಮರಳಿ ಹೇಳಿ ಗಟ್ಟಿ ಮಾಡಿಕೊಳ್ಳುವ ಕ್ರಮ. ಹಾಗಿರುವಾಗ ರಬ್ಬರ್ ಗೊಂಬೆ ಯಾಕೆ? ತಾಯಿ ಇದ್ದಾಳಲ್ಲ! ಸೊಪ್ಪು ಬಿಡಿಸುತ್ತಾ “ಇವತ್ತು ಏನು ಬರೆದೆ, ನನಗೆ ಹೇಳು ನೋಡುವ” ಎನ್ನಿ. ಅರ್ಥವಾಗದಲ್ಲಿ “ಅದು ಯಾಕೆ ಹಾಗೆ?” ಎಂದು ಕೇಳಿ. ವಾರೀಸಿನ ಲೆಕ್ಕವನ್ನೋ ಹಾಲಿನ ಲೆಕ್ಕವನ್ನೋ ನೀವು ಕಾಗದದಲ್ಲಿ ಮಾಡಿ, ಅವಳು ಯಂತ್ರದಲ್ಲಿ ಮಾಡಲಿ. ಎರಡೂ ಹೊಂದದಿದ್ದರೆ ಎಲ್ಲಿ ತಪ್ಪಿತೆಂದು ಜೊತೆಯಾಗಿ ಹುಡುಕಿ.

‘ಈಗ ಯಂತ್ರವೇ ಬರೆಯುತ್ತದಲ್ಲ?’

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಈ ಪ್ರಶ್ನೆಯನ್ನು ಹಲವರು ಕೇಳುತ್ತಿದ್ದಾರೆ. ಕೇಳಿದರೆ ಪ್ರೋಗ್ರಾಂ ಬರೆದುಕೊಡುವ ಸೌಲಭ್ಯ ಇಂದು ಮೊಬೈಲ್‌ನಲ್ಲೇ ಇದೆ. ಹಾಗಾದರೆ ಕಲಿಯುವುದೇಕೆ? ಉತ್ತರ ಆ ವಿಧವೆಯ ಸೊನ್ನೆಯಲ್ಲಿದೆ. ಯಾರು ಬರೆದರೂ, ಬರೆದದ್ದು ಸರಿಯೋ ಎಂದು ಓದಿ ನೋಡಬಲ್ಲವರು ಬೇಕೇ ಬೇಕು. ಮೊದಲ ಪಾಠವನ್ನು ಸ್ವಂತ ಕೈಯಿಂದ ಮಾಡದವರಿಗೆ ಆ ಕಣ್ಣು ಬರುವುದಿಲ್ಲ. ಹಾರ್ವರ್ಡ್‌ನ ಆ ತರಗತಿಯಲ್ಲೂ 2023ರಿಂದ ವಿದ್ಯಾರ್ಥಿಗಳಿಗೆ ಕೃತಕ ಬುದ್ಧಿಮತ್ತೆಯ ಸಹಾಯವಿದೆ, ಅದೂ ಒಂದು ಬಾತುಕೋಳಿಯ ರೂಪದಲ್ಲಿ! ಆದರೆ ನೇರವಾಗಿ ಉತ್ತರ ಕೊಡದೆ ದಾರಿ ಮಾತ್ರ ತೋರಿಸುವಂತೆ ಅದನ್ನು ರೂಪಿಸಿದ್ದಾರೆ. ಮಗಳು ಮನೆಗೆಲಸದ ಉತ್ತರವನ್ನು ಮೊಬೈಲ್‌ನಿಂದ ನಕಲು ಮಾಡುತ್ತಿದ್ದರೆ ಗದರಬೇಡಿ. “ಇದರ ಪ್ರತಿ ಸಾಲನ್ನು ನನಗೆ ವಿವರಿಸು” ಎನ್ನಿ. ವಿವರಿಸಲು ಆಗದಿದ್ದರೆ ಕಲಿತಿಲ್ಲವೆಂದು ಅವಳಿಗೇ ತಿಳಿಯುತ್ತದೆ.

ಹೆಣ್ಣಿಗೆ ಇದು ಹೊಸ ದಾರಿಯೂ ಅಲ್ಲ. 1946ರಲ್ಲಿ ಜಗತ್ತಿನ ಮುಂದೆ ಪ್ರದರ್ಶಿಸಲಾದ ಎನಿಯಾಕ್ ಎಂಬ ಬೃಹತ್ ಗಣಕಯಂತ್ರಕ್ಕೆ ಪ್ರೋಗ್ರಾಂ ಸಿದ್ಧಪಡಿಸಿದ್ದು ಆರು ಮಂದಿ ಯುವತಿಯರು. ಅವರಿಗೆ ಪಠ್ಯಪುಸ್ತಕವಿರಲಿಲ್ಲ, ಕಲಿಸುವವರೂ ಇರಲಿಲ್ಲ. ಯಂತ್ರದ ನಕ್ಷೆಗಳನ್ನು ನೋಡಿ ನೋಡಿಯೇ ಕಲಿತರು. ನಿಮ್ಮ ಮಗಳಿಗೆ ಪುಸ್ತಕವಿದೆ, ಅಧ್ಯಾಪಕರಿದ್ದಾರೆ, ಉಚಿತ ಪಾಠಗಳಿವೆ. ಅವಳಿಗಿನ್ನು ಬೇಕಾಗಿರುವುದು ಮನೆಯವರ ತಾಳ್ಮೆ.

ಮುಂದಿನ ಬಾರಿ ಅವಳು “ನನಗೆ ಬರುವುದಿಲ್ಲ ಉಮ್ಮಾ” ಎಂದಾಗ “ಇನ್ನೂ ಬಂದಿಲ್ಲ, ಬರುತ್ತದೆ ಮಗಳೇ” ಎನ್ನಿ. ಒಂದು ಲೋಟ ಚಹಾ ಅವಳ ಪಕ್ಕದಲ್ಲಿಟ್ಟು, ಪಾತ್ರೆಯನ್ನು ಇವತ್ತು ಅಣ್ಣನಿಂದ ತೊಳೆಸಿ.